ಫಾಲೆಸಿ ಲಿಕೊಂಗ್ವೆಯ ಎರಡನೆಯ ಕಣ್ಣು

ಬ್ಲಾಂಟೈರಿನ ಆ ವೈದ್ಯಕೀಯ ಕಾಲೇಜಿನಲ್ಲಿ ಫಾಲೆಸಿ ಲಿಕೊಂಗ್ವೆಯನ್ನು ಬಹಳ ಕಾಲ ಎಲ್ಲರೂ ಕರೆಯುತ್ತಿದ್ದದ್ದು ಬೀಗದಮ್ಮ ಎಂದು. ಬೆಳಿಗ್ಗೆ ಲೈಬ್ರರಿಯ ಬೀಗ ತೆಗೆಯುವವಳು, ಸಂಜೆ ಹಾಕುವವಳು, ನಡುವೆ ಪುಸ್ತಕಗಳಿಗೆ ಮುದ್ರೆ ಒತ್ತುವವಳು. ಡಾಕ್ಟರಾಗಲು ಬಂದ ಹುಡುಗರು ಅವಳ ಕಣ್ಣೆದುರೇ ಓಡಾಡಿ, ಡಾಕ್ಟರಾಗಿ, ಮದುವೆಯಾಗಿ, ಹೊಟ್ಟೆ ಬೆಳೆಸಿಕೊಂಡು ಅದೇ ಕಾಲೇಜಿಗೆ ಮೇಷ್ಟರಾಗಿ ವಾಪಸು ಬಂದರೂ ನಿನ್ನ ಹೆಸರೇನಮ್ಮ ಎಂದು ಕೇಳಿದವರಿಲ್ಲ. ಅದಕ್ಕೆ ಅವಳು ಬೇಜಾರು ಮಾಡಿಕೊಂಡವಳೂ ಅಲ್ಲ. ಗಂಡ ವೈಸನ್ ತಂಬಾಕಿನ ಲಾರಿ ಓಡಿಸುತ್ತಿದ್ದ. ಒಂದು ಮಳೆಗಾಲದಲ್ಲಿ ಲಾರಿ ಹಳ್ಳಕ್ಕೆ ಉರುಳಿ, ಅದರ ಜೊತೆಗೇ ಹೋದ. ಮಗಳು ಮದುವೆಯಾಗಿ ಮಂಗೋಚಿಯ ಸರೋವರದ ಕಡೆ ಸೇರಿದಳು. ಚಿಲೊಮೊನಿಯ ಎರಡು ಕೋಣೆಯ ಮನೆಯಲ್ಲಿ ಫಾಲೆಸಿ ಒಬ್ಬಳೇ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ಮುದ್ದೆ ತೊಳಸಿಕೊಂಡು, ಉಂಡು, ಭಾನುವಾರ ಚರ್ಚಿಗೆ ಹೋಗಿ ಹಾಡಿ ಬರುತ್ತಿದ್ದಳು. ಹೀಗೇ ನಿವೃತ್ತಿಯಾಗಿ ಹೋಗಿದ್ದರೆ ಅವಳ ಕಥೆ ಹೇಳಲು ನನಗೇನೂ ಇರುತ್ತಿರಲಿಲ್ಲ, ಅವಳಿಗೂ ನೆಮ್ಮದಿಯಾಗಿರುತ್ತಿತ್ತು.

ಆದರೆ ಒಂದು ಚಳಿಗಾಲ, ಮುಲಾಂಜೆ ಬೆಟ್ಟದ ಕಡೆಯಿಂದ ಜಿಟಿಜಿಟಿ ಚಿಪೆರೋನಿ ಮಳೆ ಹಿಡಿದಿದ್ದ ವಾರದಲ್ಲಿ, ನಾರ್ವೆಯಿಂದ ಸಿಗ್ನೆ ಎಂಬ ಲೈಬ್ರರಿಯನ್ ಬಂದಳು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹೆಂಗಸು. ನ್ಸಿಮಾವನ್ನು ಚಮಚದಲ್ಲಿ ತಿಂದು ಇಡೀ ಕ್ಯಾಂಟೀನಿನ ನಗೆಗೆ ಗುರಿಯಾದಳು. ಅವಳು ಬಂದದ್ದು ಲೈಬ್ರರಿಯವರಿಗೆ ಹೊಸ ಕೆಲಸವೊಂದನ್ನು ಕಲಿಸಲು. ಕಾಲೇಜು ಕಳಿಸಿದ್ದು ಫಾಲೆಸಿಯನ್ನು, ಏಕೆಂದರೆ ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ.

ಆ ಕೆಲಸ ಇಷ್ಟು. ಒಂದು ಔಷಧಿಯೋ ಒಂದು ಆರೈಕೆಯೋ ನಿಜಕ್ಕೂ ಜೀವ ಉಳಿಸುತ್ತದೆಯೇ ಎಂದು ತಿಳಿಯಲು ಒಂದು ಲೇಖನ ಓದಿದರೆ ಸಾಲದು. ಆ ಬಗ್ಗೆ ಜಗತ್ತಿನಲ್ಲಿ ಎಲ್ಲೆಲ್ಲಿ ಅಧ್ಯಯನ ನಡೆದಿದೆಯೋ ಅದನ್ನೆಲ್ಲ ಒಂದೂ ಬಿಡದೆ ಹುಡುಕಿ ತಂದು, ಒಟ್ಟಿಗೆ ಇಟ್ಟು ತೂಗಬೇಕು. ಅದಕ್ಕೆ ಸಮಗ್ರ ಪರಾಮರ್ಶೆ ಎನ್ನುತ್ತಾರೆ. ತೂಗುವುದು ಡಾಕ್ಟರುಗಳ ಕೆಲಸ, ಹುಡುಕುವುದು ಲೈಬ್ರರಿಯವರದು. ಹುಡುಕುವುದೆಂದರೆ ಕಂಪ್ಯೂಟರಿನಲ್ಲಿ ಒಂದು ಪದ ಕುಟ್ಟಿ ಬಂದದ್ದನ್ನು ಬಾಚಿಕೊಳ್ಳುವುದಲ್ಲ. ಒಂದೊಂದು ವಿಚಾರಕ್ಕೂ ಎಷ್ಟು ಬಗೆಯ ಪದಗಳಿವೆಯೋ ಅವನ್ನೆಲ್ಲ ಒಂದೊಂದು ಸಾಲಾಗಿ ಬರೆದು, ಸಾಲುಗಳಿಗೆ ಸಂಖ್ಯೆ ಕೊಟ್ಟು, ಇಂಥಿಂಥ ಸಾಲನ್ನು ಇಂಥಿಂಥ ಸಾಲಿನ ಜೊತೆ ಸೇರಿಸು ಎಂದು ಕೊನೆಯ ಸಾಲಿನಲ್ಲಿ ಅಪ್ಪಣೆ ಕೊಡಬೇಕು. ಎಲ್ಲೋ ಒಂದು ಎಡವಟ್ಟಾದರೆ ಯಾವುದೋ ಊರಿನ ಅಧ್ಯಯನ ಬಲೆಯಿಂದ ಜಾರಿಹೋಗುತ್ತದೆ, ಒಳ್ಳೆಯ ಆರೈಕೆ ಕೆಲಸಕ್ಕೆ ಬಾರದ್ದು ಅನ್ನಿಸಿಕೊಳ್ಳುತ್ತದೆ. ಇದರಲ್ಲಿ ಕೆಟ್ಟದ್ದೇನೆಂದರೆ, ಬಂದದ್ದು ಕಣ್ಣಿಗೆ ಕಾಣುತ್ತದೆ, ಬಾರದೆ ಹೋದದ್ದು ಕಾಣುವುದಿಲ್ಲ.

ಆದ್ದರಿಂದ ಈ ಕಸುಬಿನವರಲ್ಲಿ ಒಂದು ಕಟ್ಟಳೆ ಇದೆ. ಎಷ್ಟೇ ಪಳಗಿದವರಾಗಲಿ, ತಾವು ಬರೆದ ಶೋಧವನ್ನು ತಾವೇ ಸರಿ ಅನ್ನುವಂತಿಲ್ಲ. ಇನ್ನೊಬ್ಬ ಲೈಬ್ರರಿಯನ್ ಅದನ್ನು ಸಾಲು ಸಾಲಾಗಿ ನೋಡಿ ತಪ್ಪು ಹೆಕ್ಕಿ ಕೊಡಬೇಕು. ಸಿಗ್ನೆ ಅದನ್ನು ಎರಡನೆಯ ಕಣ್ಣು ಅನ್ನುತ್ತಿದ್ದಳು.

ಸಿಗ್ನೆ ಊರಿಗೆ ಮರಳಿದ ಮೇಲೆ ಫಾಲೆಸಿಯ ಎರಡನೆಯ ಕಣ್ಣು ಅವಳೇ ಆದಳು. ಫಾಲೆಸಿ ಕಳಿಸಿದ ಮೊದಲ ಶೋಧಕ್ಕೆ ಬಂದ ಉತ್ತರ ನೋಡಿ ಇವಳಿಗೆ ಮುಖಕ್ಕೆ ಹೊಡೆದಂತಾಯಿತು. ಇದು ತಪ್ಪು, ಇದು ಬಿಟ್ಟಿದ್ದೀಯ, ಇದನ್ನು ಯಾಕೆ ಹೀಗೆ ಬರೆದೆ ಎಂದು ಮೇಲಿಂದ ಕೆಳಗಿನವರೆಗೂ ಕೆಂಪು. ಹುಟ್ಟಿದಾಗಿನಿಂದ ಫಾಲೆಸಿಯ ಜೊತೆ ಯಾರೂ ಹೀಗೆ ಮಾತಾಡಿರಲಿಲ್ಲ. ನಮ್ಮಲ್ಲಿ ಅತ್ತೆ ಕೂಡ ಸೊಸೆಯ ತಪ್ಪನ್ನು ನೆರೆಮನೆಯವಳಿಗೆ ಹೇಳುವ ಹಾಗೆ ಮಾಡಿ ಸೊಸೆಯ ಕಿವಿಗೆ ಬೀಳಿಸುತ್ತಾಳೆ. ಫಾಲೆಸಿ ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು, ಮತ್ತೆ ಬಂದು ಓದಿದಳು. ಸಿಗ್ನೆ ಹೇಳಿದ್ದೆಲ್ಲ ಸರಿಯಾಗಿತ್ತು. ಕೊನೆಯಲ್ಲಿ, ನನ್ನದನ್ನೂ ಕಳಿಸುತ್ತೇನೆ, ನೀನೂ ಹೀಗೇ ನೋಡು ಎಂದಿದ್ದಳು. ಅಂದಿನಿಂದ ಫಾಲೆಸಿಗೆ ಈ ಕೆಲಸದ ಹುಚ್ಚು ಹಿಡಿಯಿತು. ಹುಚ್ಚು ಎಂದೇ ಹೇಳಬೇಕು, ಬೇರೆ ಪದ ನನಗೆ ಗೊತ್ತಿಲ್ಲ. ಡಾಕ್ಟರುಗಳು ಈಗ ಅವಳ ಹೆಸರು ಕೇಳಿಕೊಂಡು ಬರತೊಡಗಿದರು. ಹಾವಿನ ಕಡಿತದ ಬಗ್ಗೆ, ರಕ್ತಹೀನತೆಯ ಬಗ್ಗೆ, ಕ್ಷಯದ ಮಾತ್ರೆಯ ಬಗ್ಗೆ ಹುಡುಕಿ ಕೊಟ್ಟಳು.

ಹಲವು ವರ್ಷ ಹೀಗೆ ನಡೆದು, ಸಿಗ್ನೆ ನಿವೃತ್ತಳಾದಳು. ಅವಳನ್ನು ಕಳಿಸಿದ್ದ ನಾರ್ವೆಯ ಸಂಸ್ಥೆ ಕೈತೊಳೆದುಕೊಂಡಿತು. ಎರಡನೆಯ ಕಣ್ಣು ಇನ್ನು ನಾವೇ ಬೆಳೆಸಿಕೊಳ್ಳಬೇಕು ಎಂದು ಫಾಲೆಸಿ ಹಟ ಹಿಡಿದು, ಲೈಬ್ರರಿಯ ಹಿಂದಿನ ಹಳೆಯ ಪತ್ರಿಕೆಗಳ ಕೋಣೆಯನ್ನು ಖಾಲಿ ಮಾಡಿಸಿ, ಅಲ್ಲಿ ತರಬೇತಿ ಶುರು ಮಾಡಿದಳು. ನರ್ಸಿಂಗ್ ಕಾಲೇಜುಗಳಿಂದ, ಮಿಷನ್ ಆಸ್ಪತ್ರೆಗಳಿಂದ ಲೈಬ್ರರಿಯವರು ಬಂದರು. ಬಂದರು ಅಂದೆ, ಇದ್ದರು ಅನ್ನಲಿಲ್ಲ. ಮುಲಾಂಜೆಯ ಡೈಸನ್ ಚೆನ್ನಾಗಿ ಕಲಿತ, ಕಲಿತದ್ದೇ ಅವನನ್ನು ಹಾಸ್ಟೆಲ್ ವಾರ್ಡನ್ ಮಾಡಿದರು. ಮ್ಝುಝುವಿನ ಹುಡುಗಿಯೊಬ್ಬಳನ್ನು ಸೊಳ್ಳೆಪರದೆ ಹಂಚುವ ಸಂಸ್ಥೆಯೊಂದು ಎಳೆದುಕೊಂಡಿತು. ಇನ್ನೊಬ್ಬ ಪಾದ್ರಿಯಾಗಲು ಹೋದ.

"ದೇವರೂ ನನ್ನ ಮಕ್ಕಳನ್ನೇ ನೋಡಿ ನೋಡಿ ಆರಿಸ್ಕೋತಾನಲ್ಲ, ಅವನಿಗೆ ಬೇರೆ ಯಾರೂ ಸಿಗೋದಿಲ್ವಾ?" ಎಂದು ಫಾಲೆಸಿ ಚರ್ಚಿನಲ್ಲೇ ಗೊಣಗಿದ್ದು ಪಕ್ಕದವರಿಗೆಲ್ಲ ಕೇಳಿಸಿತು.

ಕೊನೆಗೆ ಉಳಿದವಳು ಮಕ್ರಿನಾ ಕಪಲಮುಲಾ. ಝೊಂಬಾದ ನರ್ಸಿಂಗ್ ಕಾಲೇಜಿನವಳು. ಅಲ್ಲಿಯವರು ಅವಳನ್ನು ತರಬೇತಿಗೆಂದು ಎರವಲು ಕೊಟ್ಟಿದ್ದರು. ಮೂವತ್ತರ ಆಚೀಚಿನ ವಯಸ್ಸು, ಮಾತು ಕಡಿಮೆ, ಕೂತರೆ ಕೂತಲ್ಲೇ. ಫಾಲೆಸಿಗೆ ಏನಾದರೂ ಕೊಡುವಾಗ, ಊರಿನ ಹಿರಿಯರ ಮುಂದೆ ಮಾಡುವ ಹಾಗೆ, ಮಂಡಿಯೂರಿಯೇ ಕೊಡುತ್ತಿದ್ದಳು. ಚಹಾ ಆದರೂ ಅಷ್ಟೇ, ಕಾಗದವಾದರೂ ಅಷ್ಟೇ.

"ಏಳೇ ಮೇಲೆ. ಇದೇನು ನಿನ್ನ ಅಜ್ಜಿ ಮನೆ ಅಂಗಳವಾ? ಈ ಕೋಣೆಯಲ್ಲಿ ಮಂಡಿ ಊರಬೇಡ ಅಂತ ಎಷ್ಟು ಸಲ ಹೇಳ್ಲಿ?"

"ಆಯ್ತು ಅಮಾಯಿ," ಎನ್ನುತ್ತಿದ್ದಳು ಮಕ್ರಿನಾ. ನಮ್ಮಲ್ಲಿ ತಾಯಿಗೂ ತಾಯಿಯಂಥವರಿಗೂ ಹಾಗೆಯೇ ಅನ್ನುವುದು. ಮರುದಿನ ಮತ್ತೆ ಮಂಡಿ.

ಅದನ್ನು ಫಾಲೆಸಿ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಹೊಟ್ಟೆಗೆ ಹಾಕಿಕೊಳ್ಳಲಾಗದ್ದು ಇನ್ನೊಂದಿತ್ತು. ಮಕ್ರಿನಾಳಿಗೆ ಎರಡನೆಯ ಕಣ್ಣಾಗಿ ನೋಡು ಎಂದು ಏನು ಕೊಟ್ಟರೂ ಅವಳು, "ಚೆನ್ನಾಗಿದೆ ಅಮಾಯಿ," ಎಂದು ವಾಪಸು ಕೊಡುತ್ತಿದ್ದಳು. ಮೊದಮೊದಲು ಫಾಲೆಸಿ ಉಬ್ಬಿದಳು. ಆಮೇಲೆ ಅನುಮಾನ ಬಂತು. ಒಂದು ದಿನ ಬೇಕೆಂದೇ, ರಸ್ತೆ ಮಧ್ಯೆ ಬಂಡೆ ಇಟ್ಟ ಹಾಗೆ, ಯಾರಿಗಾದರೂ ಕಾಣುವಂಥ ತಪ್ಪೊಂದನ್ನು ಇಟ್ಟು ಕೊಟ್ಟಳು. ಮಕ್ರಿನಾ ಊಟದ ಹೊತ್ತಿಗೆ ಬಂದಳು.

"ಚೆನ್ನಾಗಿದೆ ಅಮಾಯಿ."

"ಚೆನ್ನಾಗಿದೆಯಾ? ಸುಟ್ಟಗಾಯ ಅನ್ನೋ ಪದಾನೇ ಇಲ್ಲದೆ ಸುಟ್ಟಗಾಯ ಹುಡುಕಿದ್ದೀನಿ, ಚೆನ್ನಾಗಿದೆಯಾ? ಕಣ್ಣು ಎಲ್ಲಿಟ್ಟಿದ್ದೆ, ಮಾರ್ಕೆಟ್ಟಲ್ಲಾ?"

ಮಕ್ರಿನಾ ತಲೆ ತಗ್ಗಿಸಿ ನಿಂತಳು. "ಕಂಡಿತ್ತು. ನಿಮಗೆ ಹೇಗೆ ಹೇಳೋದು ಅಂತ," ಎಂದಳು.

ಫಾಲೆಸಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಜೊತೆಗೆ ಆಸೆಯೂ ಆಯಿತು. ಕಣ್ಣು ಇದೆ, ಬಾಯಿ ಇಲ್ಲ, ಬಾಯಿ ಬರಿಸಿದರಾಯಿತು ಅಂದುಕೊಂಡಳು. ಯೋಚಿಸಿ ಯೋಚಿಸಿ ಒಂದು ದಾರಿ ಹುಡುಕಿದಳು. ಮಕ್ರಿನಾಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು.

"ನೋಡು, ಇನ್ನು ಮೇಲೆ ಪ್ರತಿ ಶೋಧದಲ್ಲೂ ನಾನೇ ಬೇಕು ಅಂತ ಒಂದು ತಪ್ಪು ಇಡ್ತೀನಿ. ಅದು ನನಗೆ ಗೊತ್ತಿಲ್ಲದ್ದಲ್ಲ, ನಾನು ಬಚ್ಚಿಟ್ಟಿದ್ದು. ಅದನ್ನ ಹುಡುಕಿ ಹೇಳೋದು ನಿನ್ನ ಕೆಲಸ. ಹೇಳಿದ್ರೆ ನನಗೆ ಅವಮಾನ ಅಲ್ಲ. ಹೇಳದೆ ಇದ್ರೆ ಅವಮಾನ. ತಿಳೀತಾ?"

ಮಕ್ರಿನಾಳ ಮುಖ ಅರಳಿತು. ಮಕ್ಕಳಿಗೆ ಆಟದ ನಿಯಮ ಹೇಳಿದ ಹಾಗಾಗಿತ್ತು ಅವಳಿಗೆ. ಅಂದಿನಿಂದ ಬಚ್ಚಿಟ್ಟ ಒಂದು ತಪ್ಪನ್ನೂ ತಪ್ಪಿಸಿಕೊಳ್ಳಲು ಬಿಡಲಿಲ್ಲ. ಫಾಲೆಸಿ ತಪ್ಪನ್ನು ಎಷ್ಟು ಆಳದಲ್ಲಿ ಹೂತಿಟ್ಟರೂ ಕೆದಕಿ ತೆಗೆದು, ಮಂಡಿಯೂರಿ, ಎರಡು ಕೈಯಲ್ಲಿ ಹಿಡಿದು ತಂದು ಒಪ್ಪಿಸುತ್ತಿದ್ದಳು. ಸುಟ್ಟಗಾಯದ್ದು, ಹೊಟ್ಟೆಹುಳದ ಮಾತ್ರೆಯದ್ದು, ಮಕ್ಕಳ ಫಿಟ್ಸಿನದ್ದು, ಎಲ್ಲ ಶೋಧಗಳೂ ಹೀಗೇ ಅವಳ ಕಣ್ಣು ದಾಟಿ ಹೋದವು. ಫಾಲೆಸಿ ಆ ವರ್ಷಗಳಲ್ಲಿ ಪಟ್ಟ ಸಂತೋಷ ಮಗಳ ಮದುವೆಯಲ್ಲೂ ಪಟ್ಟಿರಲಿಲ್ಲ. ಮಂಡಿಯ ಬಗ್ಗೆ ಬೈಯುವುದನ್ನೇ ಬಿಟ್ಟಳು. ಬಿಡಬಾರದಿತ್ತು ಎಂದು ನನಗೆ ಈಗ ಅನ್ನಿಸುತ್ತದೆ, ಆದರೆ ಈಗ ಅನ್ನಿಸಿ ಏನು ಬಂತು.

ಫಾಲೆಸಿಯ ನಿವೃತ್ತಿ ಹತ್ತಿರ ಬರುತ್ತಿತ್ತು. ಪ್ರಿನ್ಸಿಪಾಲರು ಒಂದು ದಿನ ಅವಳನ್ನು ಕರೆಸಿದರು. ಮಾತು ಮೆತ್ತಗೆ, ಅರ್ಥ ಗಟ್ಟಿ.

"ಅಮಾಯಿ ಲಿಕೊಂಗ್ವೆ, ನೀವು ಹೋದ ಮೇಲೆ ಆ ಕೋಣೆ ಯಾಕೆ ಬೇಕು ಅಂತ ಮೇಲಿನವರು ಕೇಳ್ತಿದ್ದಾರೆ. ಪರೀಕ್ಷಾ ವಿಭಾಗದವರಿಗೆ ಜಾಗ ಇಲ್ಲ. ಡಾಕ್ಟರ್ ಮಕೋಕಾ ಮಾಡ್ತಿರೋ ಪರಾಮರ್ಶೆ ಇದೆಯಲ್ಲ, ಅದನ್ನ ಸರಕಾರದ ಸಮಿತಿ ಒಪ್ಪಿಕೊಂಡ್ರೆ, ಶೋಧ ಪೂರ್ತಿ ನಮ್ಮವರೇ ಮಾಡಿ ನಮ್ಮವರೇ ನೋಡಿದ್ದು ಅಂತ ನಾನು ಎದೆ ತಟ್ಟಿ ಹೇಳ್ತೀನಿ. ತರಬೇತಿ ಖಾಯಂ ಆಗುತ್ತೆ. ಆ ಹುಡುಗಿಗೂ ಇಲ್ಲೇ ಕೆಲಸ ಆಗುತ್ತೆ. ಇಲ್ಲ ಅಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

ಸೋಸ್ಟೆನ್ ಮಕೋಕಾ ಮಕ್ಕಳ ಡಾಕ್ಟರು. ದಿನ ತುಂಬದೆ ಹುಟ್ಟಿದ ಪುಟ್ಟ ಮಗುವನ್ನು ಬಟ್ಟೆಯಲ್ಲಿ ಸುತ್ತಿ, ತಾಯಿಯ ಎದೆಗೆ ಒತ್ತಿ ಕಟ್ಟಿಟ್ಟರೆ ಮಗು ಬೆಚ್ಚಗಿದ್ದು ಬದುಕುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಇದು ನಡೆಯುತ್ತಿತ್ತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಇದನ್ನು ಶುರು ಮಾಡಿದರೂ ಮಕ್ಕಳು ಉಳಿಯುತ್ತವೆಯೇ? ಅದು ಅವರ ಪ್ರಶ್ನೆ. ಉಳಿಯುತ್ತವೆ ಎಂದಾದರೆ, ಸೈಕಲ್ಲಿನ ಮೇಲೆ ಮಗುವನ್ನು ಹೊತ್ತುಕೊಂಡು ಜಿಲ್ಲಾ ಆಸ್ಪತ್ರೆಗೆ ಓಡುವುದು ತಪ್ಪುತ್ತದೆ. ದಾರಿಯಲ್ಲೇ ತಣ್ಣಗಾಗಿ ಹೋಗುವ ಮಕ್ಕಳು ಉಳಿಯುತ್ತವೆ. ಉಳಿಯುತ್ತವೆ ಎಂದು ಡಾಕ್ಟರಿಗೂ ಒಳಗೊಳಗೆ ನಂಬಿಕೆಯಿತ್ತು. ಪುರಾವೆ ಬೇಕಿತ್ತು.

ಫಾಲೆಸಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಶೋಧ ಬರೆದಳು. ಪುಟ್ಟ ಮಗುವಿಗಿರುವ ಪದಗಳೆಲ್ಲ ಒಂದು ಸಾಲು. ಎದೆಗೆ ಕಟ್ಟುವುದಕ್ಕಿರುವ ಪದಗಳೆಲ್ಲ ಎರಡನೆಯ ಸಾಲು. ಆಸ್ಪತ್ರೆಗಿರುವ ಪದಗಳು ಮೂರನೆಯದು. ಹಳ್ಳಿ ಕೇಂದ್ರ, ಸೂಲಗಿತ್ತಿಯ ಮನೆ, ತಾಯಿಯ ಮನೆ ಇವುಗಳಿಗಿರುವ ಪದಗಳು ನಾಲ್ಕನೆಯದು. ಮೂರು ಅಥವಾ ನಾಲ್ಕನೆಯ ಸಾಲಿನಲ್ಲಿ ಸಿಕ್ಕಿದ್ದನ್ನು ಮೊದಲೆರಡರ ಜೊತೆ ಸೇರಿಸು ಎಂದು ಕೊನೆಯ ಸಾಲು. ಎಲ್ಲ ಮುಗಿಯಿತು ಅನ್ನುವಾಗ ಮಕೋಕಾ ಬಾಗಿಲಲ್ಲಿ ತಲೆ ಹಾಕಿದರು.

"ಅಮಾಯಿ, ಅವಳಿ ಮಕ್ಕಳದೂ ಒಂದು ಸೇರಿಸಿಬಿಡಿ. ಸಮಿತಿಯವರು ಅದನ್ನ ಕೇಳೇ ಕೇಳ್ತಾರೆ."

"ನೆಂಟರು ಎದ್ದು ಹೊರಟಾಗ ಉಪ್ಪು ಕೇಳೋ ಹಾಗೆ ಬರ್ತೀರಲ್ಲ ಡಾಕ್ಟ್ರೇ," ಎಂದು ಫಾಲೆಸಿ ನಗುತ್ತಲೇ ಸೇರಿಸಿದಳು. ಆಸ್ಪತ್ರೆಯ ಸಾಲಿನ ಕೆಳಗೆ ಅವಳಿಗಳ ಸಾಲನ್ನು ತೂರಿಸಿದಳು. ಮಧ್ಯೆ ಒಂದು ಸಾಲು ತೂರಿಸಿದರೆ ಕೆಳಗಿನ ಸಾಲು ಒಂದು ಸಂಖ್ಯೆ ಮುಂದಕ್ಕೆ ಹೋಗುತ್ತದೆ. ಹಳ್ಳಿಯ ಸಾಲು ಐದನೆಯದಾಯಿತು. ಕೊನೆಯ ಸಾಲು ಮಾತ್ರ ಮೂರು ಅಥವಾ ನಾಲ್ಕು ಎಂದೇ ಹಳೆಯ ಅಪ್ಪಣೆ ಹಿಡಿದುಕೊಂಡು ಕೂತಿತ್ತು. ಕಸುಬಿನವರೆಲ್ಲ ಒಮ್ಮೆಯಾದರೂ ಮಾಡಿ ನಾಲಿಗೆ ಕಚ್ಚಿಕೊಂಡಿರುವ ತಪ್ಪು ಇದು. ಇಂಥದ್ದಕ್ಕೇ ಎರಡನೆಯ ಕಣ್ಣು ಇರುವುದು. ಫಾಲೆಸಿ ಅದನ್ನು ಗಮನಿಸದೆ, ಪದ್ಧತಿಯಂತೆ ಬೇಕೆಂದೇ ಒಂದು ತಪ್ಪು ಇಟ್ಟು, ಇಂಗ್ಲಿಷಿನಲ್ಲಿ ಬರೆದ ಅಧ್ಯಯನ ಮಾತ್ರ ಸಾಕು ಎಂಬ ಕಟ್ಟು ಹಾಕಿ, ಮಕ್ರಿನಾಳಿಗೆ ಕೊಟ್ಟಳು.

ಮಕ್ರಿನಾ ಎರಡು ದಿನ ನೋಡಿದಳು. ಸಾಮಾನ್ಯವಾಗಿ ಒಂದೇ ದಿನ ಸಾಕಾಗುತ್ತಿತ್ತು. ಬಂದು ಮಂಡಿಯೂರಿ ಕೊಟ್ಟಳು.

"ಇಂಗ್ಲಿಷ್ ಮಾತ್ರ ಅಂತ ಕಟ್ಟು ಹಾಕಿದ್ದೀರಿ ಅಮಾಯಿ. ಮೊಝಾಂಬಿಕ್‌ನವರು ಪೋರ್ಚುಗೀಸಲ್ಲಿ ಬರೆದಿರ್ತಾರೆ, ಅದು ತಪ್ಪಿಹೋಗುತ್ತೆ."

"ಭೇಷ್. ಇನ್ನೇನಾದ್ರೂ ಇದೆಯಾ?"

ಮಕ್ರಿನಾ ನೆಲ ನೋಡುತ್ತಿದ್ದಳು. ಅವಳು ಯಾವಾಗಲೂ ನೆಲವನ್ನೇ ನೋಡುವವಳು, ಅದರಲ್ಲಿ ವಿಶೇಷವೇನೂ ಫಾಲೆಸಿಗೆ ಕಾಣಲಿಲ್ಲ.

"ಇಲ್ಲ ಅಮಾಯಿ."

ಕಟ್ಟು ಬಿಚ್ಚಿ ಫಾಲೆಸಿ ಶೋಧ ನಡೆಸಿದಳು. ರಾಶಿ ರಾಶಿ ಲೇಖನ ಬಂದವು. ಡಾಕ್ಟರುಗಳು ತಿಂಗಳುಗಟ್ಟಲೆ ಕೂತು ತೂಗಿದರು. ಆಸ್ಪತ್ರೆಯಲ್ಲಿ ಕಟ್ಟಿದರೆ ಮಕ್ಕಳು ಉಳಿಯುತ್ತವೆ. ಹಳ್ಳಿ ಕೇಂದ್ರದಲ್ಲಿ ಕಟ್ಟಿದರೆ ಉಳಿಯುತ್ತವೆ ಎನ್ನಲು ಒಂದು ಅಧ್ಯಯನವೂ ಸಿಕ್ಕಿಲ್ಲ ಎಂದು ಬರೆದರು. ಮಕೋಕಾ ಸಪ್ಪಗಾದರು. ಆದರೂ ಪುರಾವೆ ಇಲ್ಲದ್ದನ್ನು ಇಲ್ಲ ಎಂದೇ ಹೇಳಬೇಕು ಎಂದು ಲಿಲೊಂಗ್ವೆಯಲ್ಲಿ ಸಮಿತಿಯ ಮುಂದೆ ಓದಲು ಹೊರಟರು. ಜೊತೆಗೆ ಫಾಲೆಸಿಯನ್ನೂ ಮಕ್ರಿನಾಳನ್ನೂ ಕರೆದುಕೊಂಡು ಹೋದರು. ಫಾಲೆಸಿ ಚರ್ಚಿಗೆ ಉಡುವ ಹೊಸ ಚಿಟೆಂಜೆ ಉಟ್ಟಿದ್ದಳು.

ಸಭೆಗೆ ಅಕ್ಕಪಕ್ಕದ ದೇಶಗಳಿಂದಲೂ ಬಂದಿದ್ದರು. ಮಕೋಕಾ ಓದಿ ಮುಗಿಸಿದ ಮೇಲೆ, ಮೊಝಾಂಬಿಕ್‌ನ ನಂಪುಲಾದಿಂದ ಬಂದಿದ್ದ ಸೆಲೆಸ್ಟಿನಾ ಎಂಬ ನರ್ಸು ಕೈ ಎತ್ತಿದಳು. ಜಗಳದ ದನಿಯಲ್ಲ, ನಿಜಕ್ಕೂ ಅರ್ಥವಾಗದವರ ದನಿ.

"ಹಳ್ಳಿ ಕೇಂದ್ರದ್ದು ಒಂದೂ ಇಲ್ಲ ಅಂದ್ರಿ ಡಾಕ್ಟರೇ. ನಾವು ನಮ್ಮ ಹಳ್ಳಿ ಕೇಂದ್ರಗಳಲ್ಲಿ ಮಾಡಿದ್ದೀವಿ. ಅಚ್ಚಾಗಿದೆ, ಇಂಗ್ಲಿಷಲ್ಲೇ ಅಚ್ಚಾಗಿದೆ. ಮಕ್ಕಳು ಉಳಿದಿದ್ದಾವೆ. ಅದು ನಿಮಗೆ ಯಾಕೆ ಸಿಗಲಿಲ್ಲ?"

ಹಿಂದಿನ ಸಾಲಿನಿಂದ ಇನ್ನೊಬ್ಬರು ನಮ್ಮದೂ ಇದೆ ಎಂದರು. ಅವರ ಪಕ್ಕದವರು ನನಗೆ ಗೊತ್ತಿರುವಂತೆ ಇನ್ನೂ ಇವೆ ಎಂದರು. ಮಕೋಕಾ ಫಾಲೆಸಿಯ ಕಡೆ ತಿರುಗಿದರು. ಇಡೀ ಸಭೆ ತಿರುಗಿತು. ಫಾಲೆಸಿ ನೋಡಿದ್ದು ಮಾತ್ರ ಪಕ್ಕದಲ್ಲಿದ್ದ ಮಕ್ರಿನಾಳನ್ನು. ಮಕ್ರಿನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಫಾಲೆಸಿಗೆ ಆಗಲೇ ಗೊತ್ತಾಗಿಹೋಯಿತು.

ಹೊರಗೆ ಮೊಗಸಾಲೆಯಲ್ಲಿ, ಸಮೋಸಾ ತಟ್ಟೆಗಳ ಮೇಜಿನ ಪಕ್ಕ, ಅವಳು ಕೇಳಿದಳು.

"ಏನದು? ಯಾವ ಸಾಲು?"

"ಕೊನೆಯದು. ಅವಳಿ ಮಕ್ಕಳ ಸಾಲು ಸೇರಿಸಿದ ಮೇಲೆ ಸಂಖ್ಯೆ ಬದಲಾಯ್ತು. ಹಳ್ಳಿ ಸಾಲು ಹೊರಗೇ ಉಳೀತು."

"ಆವತ್ತೇ ಕಂಡಿತ್ತಾ ನಿನಗೆ?"

"ಕಂಡಿತ್ತು ಅಮಾಯಿ."

"ಮತ್ತೆ ಯಾಕೆ ಹೇಳಲಿಲ್ಲ? ನಾನು ಕೇಳ್ದೆ ಅಲ್ವಾ, ಇನ್ನೇನಾದ್ರೂ ಇದೆಯಾ ಅಂತ ಬಾಯಿಬಿಟ್ಟು ಕೇಳ್ದೆ."

ಮಕ್ರಿನಾಳ ಕೆನ್ನೆ ಒದ್ದೆಯಾಗಿತ್ತು. "ಒಂದು ಹೇಳಿದ್ದೆನಲ್ಲ ಅಮಾಯಿ. ಅದು ನೀವು ಇಟ್ಟ ತಪ್ಪು, ಅದನ್ನ ಹೇಳಬಹುದು. ಇದು ನೀವು ಇಟ್ಟಿದ್ದಲ್ಲ. ನಿಮ್ಮಿಂದ ಆಗಿದ್ದು. ನಿಮ್ಮಿಂದ ಆದ ತಪ್ಪನ್ನ ನಾನು ಹೇಗೆ ಹೇಳ್ಲಿ? ನೀವೇ ನೋಡ್ಕೊಂಡು ಸರಿ ಮಾಡ್ತೀರಿ ಅಂದ್ಕೊಂಡೆ. ಎರಡು ದಿನ ನಿದ್ದೆ ಬರಲಿಲ್ಲ."

ಫಾಲೆಸಿ ಅವಳಿಗೆ ಬೈಯಲಿಲ್ಲ. ಬಾಯಿ ಬರಿಸಲು ತಾನು ಕಂಡುಹಿಡಿದ ದಾರಿಯೇ ಬಾಯಿಗೆ ಬೀಗ ಹಾಕಿದೆ ಎಂದು ಅವಳಿಗೆ ಹೊಳೆದು, ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ಅಪ್ಪಣೆ ಸಿಕ್ಕ ಒಂದನ್ನು ಮಾತ್ರ ಹೇಳಲು ಹುಡುಗಿ ಕಲಿತಿದ್ದಳು. ಕಲಿಸಿದವಳು ಇವಳೇ.

ಬ್ಲಾಂಟೈರಿಗೆ ವಾಪಸು ಬರುವ ದಾರಿಯುದ್ದಕ್ಕೂ ಮಕೋಕಾ ಕಾರಿನ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗದೆ ಕೂತಿದ್ದರು. ಬಲಾಕಾ ದಾಟಿದ ಮೇಲೆ ಹೇಳಿದರು.

"ಇಬ್ಬರು ನೋಡಿದ್ದಾರೆ ಅಂತ ನನ್ನ ಕೈಯಾರೆ ಬರೆದಿದ್ದೀನಿ. ಇಬ್ಬರು."

"ತಪ್ಪು ನಂದು ಡಾಕ್ಟ್ರೇ," ಎಂದಳು ಫಾಲೆಸಿ.

"ಯಾರದಾದ್ರೇನು ಅಮಾಯಿ. ಸಮಿತಿ ಇನ್ನು ನಾಲ್ಕು ವರ್ಷ ಈ ವಿಷಯ ಎತ್ಕೊಳ್ಳಲ್ಲ."

ಮಕೋಕಾ ಪರಾಮರ್ಶೆಯನ್ನು ವಾಪಸು ಪಡೆದರು. ಮತ್ತೆ ಮಾಡೋಣ, ನಾನು ಸಂಬಳವಿಲ್ಲದೆ ಬರುತ್ತೇನೆ ಎಂದು ಫಾಲೆಸಿ ಅವರ ಬಾಗಿಲಿಗೆ ಎರಡು ಸಲ ಹೋದಳು. ಅವರು ಒರಟಾಗಿ ಮಾತಾಡಲಿಲ್ಲ, ಚಹಾ ಕೊಟ್ಟು ಕಳಿಸಿದರು. ಒರಟಾಗಿ ಮಾತಾಡಿದ್ದರೇ ಚೆನ್ನಾಗಿತ್ತು. ಪ್ರಿನ್ಸಿಪಾಲರು ಮತ್ತೆ ಮೆತ್ತಗೆ ಮಾತಾಡಿದರು. ಲೇಖನಗಳ ಭಂಡಾರಗಳಿಗೆ ಕಾಲೇಜು ಪಡೆದಿದ್ದ ಪ್ರವೇಶದ ಅವಧಿ ಆ ತಿಂಗಳೇ ಮುಗಿಯುವುದಿತ್ತು; ಅದನ್ನು ಮುಂದುವರಿಸಲಿಲ್ಲ. ಪರೀಕ್ಷಾ ವಿಭಾಗದವರು ಉತ್ತರಪತ್ರಿಕೆಗಳ ಗಂಟುಗಳನ್ನು ತಂದು ತರಬೇತಿ ಕೋಣೆಯ ಬಾಗಿಲ ಹೊರಗೆ ಪೇರಿಸಿ, ನೀವು ಯಾವಾಗ ಖಾಲಿ ಮಾಡ್ತೀರಿ ಎಂಬಂತೆ ನಿಂತರು. ಎರವಲು ಕೊಟ್ಟಿದ್ದ ಝೊಂಬಾದ ಕಾಲೇಜು ಮಕ್ರಿನಾಳನ್ನು ವಾಪಸು ಕರೆಸಿಕೊಂಡಿತು, ಲೈಬ್ರರಿಗಲ್ಲ, ಮುಂಬಾಗಿಲ ಮೇಜಿಗೆ. ಬಂದವರಿಗೆ ಯಾವ ಕೋಣೆ ಎಲ್ಲಿದೆ ಎಂದು ಹೇಳುವ ಕೆಲಸ.

ಈ ದಿನಗಳಲ್ಲಿ ಫಾಲೆಸಿಯನ್ನು ಒಳಗೆ ಕೊರೆಯುತ್ತಿದ್ದ ಪ್ರಶ್ನೆ ಬೇರೆಯೇ ಇತ್ತು. ಅದನ್ನು ಕೇಳಲು ಧೈರ್ಯ ಸಾಲದೆ, ಮಕ್ರಿನಾ ಎದುರಿಗೆ ಬಂದಾಗಲೆಲ್ಲ ಕಪಾಟು ಒರೆಸುವುದಕ್ಕೋ ಪೆಟ್ಟಿಗೆ ಕಟ್ಟುವ ಹಗ್ಗ ಹುಡುಕುವುದಕ್ಕೋ ಎದ್ದು ಹೋಗುತ್ತಿದ್ದಳು.

ಮಕ್ರಿನಾ ಹೊರಡುವ ದಿನ ಫಾಲೆಸಿ ಮಿನಿಬಸ್ ನಿಲ್ದಾಣದವರೆಗೂ ಅವಳ ಚೀಲ ಹೊತ್ತುಕೊಂಡು ಬಂದಳು. ಬೇಡ ಅಮಾಯಿ ಎಂದರೂ ಕೇಳಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ಝೊಂಬಾದ ಗಾಡಿ ಅರ್ಧ ತುಂಬಿತ್ತು. ಪೂರ್ತಿ ತುಂಬದೆ ನಮ್ಮಲ್ಲಿ ಗಾಡಿ ಹೊರಡುವುದಿಲ್ಲ. ಮಕ್ರಿನಾ ಕಿಟಕಿ ಪಕ್ಕ ಕೂತಳು. ಫಾಲೆಸಿ ಹೊರಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡಳು. ಇನ್ನು ಕೇಳದಿದ್ದರೆ ಕೇಳುವ ದಿನವೇ ಬರುವುದಿಲ್ಲ ಅನ್ನಿಸಿತು.

"ಮಕ್ರಿನಾ, ಇದೊಂದೇನಾ? ಅದಕ್ಕೆ ಮುಂಚಿನವುಗಳಲ್ಲಿ, ನಾನು ಇಟ್ಟಿದ್ದು ಬಿಟ್ಟು ಬೇರೆ ಏನಾದ್ರೂ ಕಂಡಿತ್ತಾ?"

ಮಕ್ರಿನಾ ತಲೆ ತಗ್ಗಿಸಿದಳು.

"ತಲೆ ಎತ್ತು. ಈಗ ನಾನು ನಿನಗೆ ಮೇಡಮ್ಮೂ ಅಲ್ಲ, ಯಾರೂ ಅಲ್ಲ. ನನ್ನ ಮುಖ ನೋಡ್ಕೊಂಡು ಹೇಳು."

ಮಕ್ರಿನಾ ಮುಖ ನೋಡಿದಳು. ಫಾಲೆಸಿಯನ್ನು ಅವಳು ಅಷ್ಟು ಹೊತ್ತು ನೇರವಾಗಿ ನೋಡಿದ್ದು ಅದೇ ಮೊದಲು.

"ಸುಟ್ಟಗಾಯದ್ದು," ಎಂದಳು. "ಅದರಲ್ಲಿ ಜೇನುತುಪ್ಪ ಹಚ್ಚೋ ವಿಚಾರ ಪೂರ್ತಿ ಬಿಟ್ಟುಹೋಗಿತ್ತು."

ಫಾಲೆಸಿ ಕಣ್ಣು ಮುಚ್ಚಿ ಆ ಸಾಲುಗಳನ್ನು ನೆನಪಿಗೆ ತಂದುಕೊಂಡಳು. ಹೌದು, ಬಿಟ್ಟುಹೋಗಿತ್ತು.

"ಹೊಟ್ಟೆಹುಳದ್ದರಲ್ಲಿ ಶಾಲೆ ಮಕ್ಕಳು ಅಂತ ಮಾತ್ರ ಹಾಕಿದ್ರಿ. ಶಾಲೆಗೆ ಹೋಗದ ಮಕ್ಕಳದ್ದೇ ಒಂದಷ್ಟು ಅಧ್ಯಯನ ಇವೆ, ಅವು ಬರ್ಲಿಲ್ಲ."

ಅದೂ ಹೌದು. ಆ ಪರಾಮರ್ಶೆ ಅಚ್ಚಾಗಿ, ಜಿಲ್ಲೆ ಜಿಲ್ಲೆಗೂ ಹೋಗಿತ್ತು. ಅದನ್ನು ನಂಬಿ ಮಾತ್ರೆ ಹಂಚಿದ್ದರು.

"ಫಿಟ್ಸಿನದ್ದು," ಎಂದಳು ಮಕ್ರಿನಾ. ಕಾಗದ ಇಲ್ಲ, ಕಂಪ್ಯೂಟರ್ ಇಲ್ಲ, ಯಾವ ಸಾಲು, ಏನು ತಪ್ಪು, ಅದರಿಂದ ಏನು ಕಳೆದುಹೋಯಿತು, ಹೇಗೆ ಬರೆಯಬೇಕಿತ್ತು ಎಂದು ಒಂದೊಂದಾಗಿ ಹೇಳಿದಳು. ಮುಚ್ಚಿಡಲಿಲ್ಲ, ಮೆತ್ತಗೆ ಮಾಡಲಿಲ್ಲ. ಸಿಗ್ನೆ ಕೂಡ ಇಷ್ಟು ಚೊಕ್ಕವಾಗಿ ಹೇಳಿದವಳಲ್ಲ. ಫಾಲೆಸಿ ಸರಳು ಹಿಡಿದೇ ಕೇಳುತ್ತಿದ್ದಳು. ಒಂದೊಂದು ಮಾತಿಗೂ ಅವಳ ವರ್ಷಗಳ ಕೆಲಸ ಒಂದೊಂದಾಗಿ ಕಳಚಿ ಬೀಳುತ್ತಿತ್ತು. ಅದರ ಜೊತೆಗೇ, ನಾಚಿಕೆಯಾಗುವಂಥ ಒಂದು ಸಂತೋಷವೂ ಆಗುತ್ತಿತ್ತು. ತಾನು ಇಷ್ಟು ಕಾಲ ಕಾದ ಕಣ್ಣು ಇದೇ, ಬಾಯಿಯೂ ಬಂದಿದೆ. ಇನ್ನು ಅದು ನೋಡಲು ಒಂದು ಸಾಲೂ ಇಲ್ಲ. ನಾಳೆ ಬೆಳಿಗ್ಗೆ ಇದೇ ಹುಡುಗಿ ಮುಂಬಾಗಿಲಲ್ಲಿ ಕೂತು, ಬಚ್ಚಲು ಆ ಕಡೆ ಇದೆ ಎಂದು ಜನರಿಗೆ ಕೈ ತೋರಿಸುತ್ತಾಳೆ.

"ಏ ಅಮ್ಮ, ಹತ್ತೋದಾದ್ರೆ ಹತ್ತಿ, ಇಲ್ಲ ಅಂದ್ರೆ ಜಾಗ ಬಿಡಿ," ಎಂದು ಕಂಡಕ್ಟರ್ ಗದರಿದ. ಕೋಳಿಗಳನ್ನು ತಲೆಕೆಳಗಾಗಿ ಹಿಡಿದ ಹೆಂಗಸೊಬ್ಬಳು ಹತ್ತಿದಳು. ಹಿಂದಿನ ಸೀಟಿನಲ್ಲಿ ಇನ್ನೊಬ್ಬರಿಗೆ ಮಾತ್ರ ಜಾಗವಿತ್ತು.

"ಇನ್ನೂ ಇದೆಯಾ?" ಎಂದಳು ಫಾಲೆಸಿ.

"ಇದೆ ಅಮಾಯಿ."

"ಹೇಳು."

ಮಕ್ರಿನಾ ಹೇಳತೊಡಗಿದಳು. ಕೊನೆಯ ಸೀಟಿಗೆ ಒಬ್ಬ ಮುದುಕ ಹತ್ತಿ ಕೂತ. ಕಂಡಕ್ಟರ್ ಬಾಗಿಲು ಎಳೆದು ಬಡಿದ. ಗಾಡಿ ಅಲುಗಿತು. ಫಾಲೆಸಿ ಸರಳು ಬಿಡದೆ ನಾಲ್ಕು ಹೆಜ್ಜೆ ಪಕ್ಕದಲ್ಲೇ ನಡೆದಳು, ಆಮೇಲೆ ಕೈ ತಾನಾಗಿ ಜಾರಿತು. ಕಿಟಕಿಯಲ್ಲಿ ಮಕ್ರಿನಾಳ ತುಟಿ ಅಲ್ಲಾಡುತ್ತಲೇ ಇತ್ತು. ಏನು ಹೇಳುತ್ತಿದ್ದಾಳೆಂದು ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ.